ಕಲ್ಲು ಓದಲು ಕಲಿತ ಪೈಲಟ್‌ಗಳು

(ಮಾತಾಡುವವರು ಇಬ್ಬರು. ಒಬ್ಬರು ಚಿತ್ರದುರ್ಗ ಸೀಮೆಯ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ತಿರುಗಿ, ಈಗ ನಿವೃತ್ತರಾಗಿರುವ ಭೂವಿಜ್ಞಾನಿ. ಇನ್ನೊಬ್ಬಳು ಅವರ ತಮ್ಮನ ಮಗಳು. ಬೆಂಗಳೂರಿನಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಓದುತ್ತಿದ್ದಾಳೆ.)

ಮಗಳು: ಗಗನಯಾತ್ರಿ ಆಗಬೇಕಾದರೆ ಏನು ಓದಬೇಕು ಅಂತ ಕೇಳಿದರೆ, ಕಲ್ಲು ಓದು ಅಂತೀರಲ್ಲ ದೊಡ್ಡಪ್ಪ! ನಿಮ್ಮ ಕಸುಬಿನ ಮೇಲೆ ನಿಮಗೆ ಅಭಿಮಾನ ಇರಲಿ. ಆದರೆ ಇದು ಸ್ವಲ್ಪ ಅತಿಯಾಯಿತು.

ದೊಡ್ಡಪ್ಪ: ಅಭಿಮಾನದ ಮಾತಲ್ಲ ಕಣಮ್ಮ. ರಾಕೆಟ್ಟು, ಕಕ್ಷೆ, ಇಂಧನ ಎಲ್ಲ ಬೇಕು. ಅವು ನಿನ್ನನ್ನು ಚಂದ್ರನ ತನಕ ಮುಟ್ಟಿಸುತ್ತವೆ. ಮುಟ್ಟಿದ ಮೇಲೆ? ಏಣಿ ಇಳಿದೆ, ಬಾವುಟ ನೆಟ್ಟೆ, ಫೋಟೊ ತೆಗೆಸಿಕೊಂಡೆ. ಅದಕ್ಕೆ ಎಷ್ಟು ಹೊತ್ತು ಬೇಕು? ಉಳಿದ ಹೊತ್ತಿನಲ್ಲಿ ಏನು ಮಾಡುತ್ತೀಯ?

ಮಗಳು: ಪ್ರಯೋಗ ಮಾಡುತ್ತೇನೆ.

ದೊಡ್ಡಪ್ಪ: ಯಾವುದನ್ನು? ಅಪೊಲೊ ಕಾಲದಲ್ಲಿ ಚಂದ್ರನ ಮೇಲೆ ನಡೆದಾಡಿದವರು ಹನ್ನೆರಡು ಮಂದಿ. ಒಂದಿಷ್ಟು ಉಪಕರಣಗಳನ್ನು ಜೋಡಿಸಿಟ್ಟರು, ನಿಜ. ಉಳಿದಂತೆ ಅವರು ಮಾಡಿದ್ದು ನಾನು ಸಂಬಳ ತಗೊಂಡು ಮಾಡುತ್ತಿದ್ದ ಕೆಲಸವನ್ನೇ. ನಡೆಯುವುದು, ನೋಡುವುದು, ಆರಿಸುವುದು, ಚೀಲಕ್ಕೆ ಹಾಕಿ ಎಲ್ಲಿ ಸಿಕ್ಕಿತು ಅಂತ ಗುರುತು ಮಾಡುವುದು. ಆರು ಸಲ ಇಳಿದು ತಂದದ್ದು ಒಟ್ಟು 382 ಕಿಲೊ ಕಲ್ಲು, ಮಣ್ಣು.

ಮಗಳು: ಆದರೆ ಅವರು ಪೈಲಟ್‌ಗಳಲ್ಲವೇ? ಜೆಟ್ ವಿಮಾನಗಳನ್ನು ಪರೀಕ್ಷೆ ಮಾಡುತ್ತಿದ್ದವರು.

ದೊಡ್ಡಪ್ಪ: ಹನ್ನೊಂದು ಮಂದಿ ಪೈಲಟ್‌ಗಳು. ಹನ್ನೆರಡನೆಯವನೊಬ್ಬನೇ ಭೂವಿಜ್ಞಾನಿ, ಹ್ಯಾರಿಸನ್ ಶ್ಮಿಟ್. ಅವನು ಹೋದದ್ದು 1972ರ ಡಿಸೆಂಬರಿನಲ್ಲಿ, ಕೊನೆಯ ಅಪೊಲೊ-17ರಲ್ಲಿ. ಅದಕ್ಕೇ ನನಗೆ ಆ ಹನ್ನೊಂದು ಮಂದಿಯ ಮೇಲೆ ಕುತೂಹಲ. ಕಲ್ಲೆಂದರೆ ಕಾಲಿಗೆ ಎಡವುವುದು ಅಂತಷ್ಟೇ ಗೊತ್ತಿದ್ದವರು ಅದನ್ನು ಓದಲು ಹೇಗೆ ಕಲಿತರು?

ಮಗಳು: ನನಗೆ ಗೊತ್ತಿರುವ ತರಬೇತಿ ಬೇರೆ. ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ಗಿರಗಿರ ತಿರುಗಿಸುತ್ತಾರೆ. ಹ್ಯೂಸ್ಟನ್‌ನಲ್ಲಿ 62 ಮೀಟರ್ ಉದ್ದ, 12 ಮೀಟರ್ ಆಳದ ಕೊಳ ಇದೆ. ಅದರಲ್ಲಿ ಬಾಹ್ಯಾಕಾಶ ನಿಲ್ದಾಣದ ಭಾಗಗಳನ್ನೇ ಮುಳುಗಿಸಿಟ್ಟು, ಸೂಟು ಹಾಕಿಸಿ ಗಂಟೆಗಟ್ಟಲೆ ಕೆಲಸ ಮಾಡಿಸುತ್ತಾರೆ. ಆಮೇಲೆ ಸಿಮ್ಯುಲೇಟರ್. ಕಾಡಿನಲ್ಲಿ, ಹಿಮದಲ್ಲಿ ಇಳಿಯಬೇಕಾಗಿ ಬಂದರೆ ಬದುಕಿ ಉಳಿಯುವುದು. ನಿಲ್ದಾಣಕ್ಕೆ ಹೋಗುವವರು ರಷ್ಯನ್ ಭಾಷೆ ಕಲಿಯಬೇಕು. ರಕ್ತ ತೆಗೆಯುವುದು, ಹೊಲಿಗೆ ಹಾಕುವುದು ಕೂಡ.

ದೊಡ್ಡಪ್ಪ: ನಕ್ಷತ್ರ ಬಿಟ್ಟೆ.

ಮಗಳು: ನಕ್ಷತ್ರ?

ದೊಡ್ಡಪ್ಪ: ಅಪೊಲೊದವರು 37 ನಕ್ಷತ್ರಗಳನ್ನು ಕಣ್ಣಳತೆಯಲ್ಲೇ ಗುರುತಿಸುವಷ್ಟು ಕಲಿತಿರಬೇಕಿತ್ತು. ನೌಕೆ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಕಂಪ್ಯೂಟರಿಗೆ ಹೇಳಲು ದುರ್ಬೀನಿನಲ್ಲಿ ಒಂದು ನಕ್ಷತ್ರ ಹಿಡಿದು ಗುಂಡಿ ಒತ್ತಬೇಕು. ಉತ್ತರ ಕೆರೊಲಿನಾದ ಮೋರ್‌ಹೆಡ್ ತಾರಾಲಯದಲ್ಲಿ ಅವರನ್ನು ಕೂರಿಸಿ ಪಾಠ ಮಾಡುತ್ತಿದ್ದರು. ಆ ಪಟ್ಟಿಯಲ್ಲಿ ನಮ್ಮ ರೋಹಿಣಿ ಇದೆ, ಮಘಾ ಇದೆ, ಚಿತ್ತೆ, ಸ್ವಾತಿ, ಜ್ಯೇಷ್ಠಾ, ಶ್ರವಣ, ಅಗಸ್ತ್ಯ ಎಲ್ಲ ಇವೆ. ಮಳೆ ನಕ್ಷತ್ರ ಎಣಿಸುವ ನಮ್ಮೂರ ರೈತನಿಗೆ ಅರ್ಧ ಪಟ್ಟಿಯ ಹೆಸರು ಬಾಯಲ್ಲೇ ಇರುತ್ತಿತ್ತು.

ಮಗಳು: ಅದು ಹಳೆಯ ಕಾಲ. ಈಗ ಕ್ಯಾಮೆರಾಗಳೇ ನಕ್ಷತ್ರ ಗುರುತಿಸುತ್ತವೆ.

ದೊಡ್ಡಪ್ಪ: ಗುರುತಿಸಲಿ. ಅಪೊಲೊ-8ರಲ್ಲಿ ಜಿಮ್ ಲವೆಲ್ ತಪ್ಪು ಗುಂಡಿ ಒತ್ತಿ ಕಂಪ್ಯೂಟರಿನ ನೆನಪಿನ ಒಂದು ಭಾಗವನ್ನೇ ಅಳಿಸಿಬಿಟ್ಟ. ಚಂದ್ರನಿಂದ ವಾಪಸು ಬರುವ ದಾರಿಯಲ್ಲಿ. ಮತ್ತೆ ದಿಕ್ಕು ಸರಿಮಾಡಿಕೊಂಡದ್ದು ರೀಗಲ್ ಮತ್ತು ಲುಬ್ಧಕ ನಕ್ಷತ್ರಗಳನ್ನು ನೋಡಿ. ಇರಲಿ, ಅದು ದಾರಿಯ ಮಾತು. ನಾನು ಹೇಳಹೊರಟದ್ದು ಇಳಿದ ಮೇಲಿನದು.

ಮಗಳು: ಹೇಳಿ. ಪೈಲಟ್‌ಗಳಿಗೆ ಕಲ್ಲು ಕಲಿಸಿದವರು ಯಾರು?

ದೊಡ್ಡಪ್ಪ: ಮೊದಲು ಕಲಿಸಿದವರು ಕೆಟ್ಟದಾಗಿ ಕಲಿಸಿದರು. 1964ರ ಮಾರ್ಚಿನಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋದರು, ಅದು ಒಳ್ಳೆಯದೇ. ಆದರೆ ತರಗತಿಯಲ್ಲಿ ಕೂರಿಸಿ ಖನಿಜಗಳ ಹೆಸರು, ರಾಸಾಯನಿಕ ಸೂತ್ರ, ಹರಳಿನ ಆಕಾರ ಅಂತ ಒಂದೇ ಸಮನೆ ಬರೆಸಿದರು. ನಿದ್ದೆ ಬರದೆ ಇನ್ನೇನು? ನಮ್ಮ ಬಿ.ಎಸ್‌ಸಿ. ತರಗತಿಗಳೂ ಹಾಗೇ ಇದ್ದವು.

ಮಗಳು: ಈಗಲೂ ಹಾಗೇ ಇರಬಹುದು.

ದೊಡ್ಡಪ್ಪ: ಇದನ್ನು ಬದಲಿಸಿದ್ದು ಶ್ಮಿಟ್‌ನ ಒಂದು ಉಪಾಯ. ತಾನಂತೂ ಸದ್ಯಕ್ಕೆ ಹೋಗುವಂತಿಲ್ಲ, ಹೋಗುವವರಿಗಾದರೂ ಸರಿಯಾದ ಮೇಷ್ಟ್ರು ಸಿಗಲಿ ಅಂತ, ಕ್ಯಾಲ್ಟೆಕ್‌ನಲ್ಲಿ ತನಗೆ ಪಾಠ ಹೇಳಿದ್ದ ಲೀ ಸಿಲ್ವರ್ ಅವರನ್ನು ಹಿಡಿದುಕೊಂಡು ಬಂದ. 1969ರ ಸೆಪ್ಟೆಂಬರಿನಲ್ಲಿ, ಆರ್ಮ್‌ಸ್ಟ್ರಾಂಗ್ ಇಳಿದು ಎರಡು ತಿಂಗಳಾಗಿತ್ತು, ಸಿಲ್ವರ್ ನಾಲ್ವರನ್ನು ಕ್ಯಾಲಿಫೋರ್ನಿಯಾದ ಒರೊಕೋಪಿಯಾ ಬೆಟ್ಟಗಳಿಗೆ ಕರೆದುಕೊಂಡು ಹೋದರು. ಲವೆಲ್, ಹೇಸ್, ಯಂಗ್, ಡ್ಯೂಕ್. ಮರಳುಗಾಡು, ಒಂದು ವಾರ, ಬಯಲಲ್ಲೇ ಅಡುಗೆ, ಬಯಲಲ್ಲೇ ಮಲಗುವುದು.

ಮಗಳು: ಲವೆಲ್ ಮತ್ತು ಹೇಸ್ ಅಂದರೆ ಅಪೊಲೊ-13. ಆಮ್ಲಜನಕದ ತೊಟ್ಟಿ ಸಿಡಿದದ್ದು.

ದೊಡ್ಡಪ್ಪ: ಹೌದು, ಪಾಪ. ಕಲಿತ ಪಾಠ ಒಪ್ಪಿಸಲು ಅವರಿಗೆ ಅವಕಾಶವೇ ಸಿಗಲಿಲ್ಲ. ಯಂಗ್ ಮತ್ತು ಡ್ಯೂಕ್ ಮುಂದೆ ಅಪೊಲೊ-16ರಲ್ಲಿ ಇಳಿದರು. ಅವರ ಕತೆ ಆಮೇಲೆ ಹೇಳುತ್ತೇನೆ, ಅದು ನನಗೆ ಬಹಳ ಇಷ್ಟದ್ದು.

ಮಗಳು: ಸಿಲ್ವರ್ ಅವರ ಪಾಠದಲ್ಲಿ ಅಂಥ ವಿಶೇಷ ಏನಿತ್ತು?

ದೊಡ್ಡಪ್ಪ: ಉತ್ತರ ಹೇಳಿಕೊಡುತ್ತಿರಲಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಂದು ಗುಡ್ಡದ ಕಡೆ ಬಿಡುವುದು. ಹೋಗಿ, ನೋಡಿ, ಇಡೀ ಜಾಗದ ಕತೆ ಹೇಳುವಂಥ ಕೆಲವೇ ಕಲ್ಲು ಆರಿಸಿ ತನ್ನಿ ಅನ್ನುವುದು. ಎಲ್ಲ ಕಲ್ಲೂ ತರುವಂತಿಲ್ಲ, ಚಂದ್ರನಿಂದ ತರುವ ತೂಕಕ್ಕೆ ಮಿತಿ ಇದೆಯಲ್ಲ. ಆಮೇಲೆ ಅದೇ ದಾರಿಯಲ್ಲಿ ತಾವೂ ನಡೆದು, ಇದನ್ನು ಯಾಕೆ ತಂದೆ, ಪಕ್ಕದ್ದನ್ನು ಯಾಕೆ ಬಿಟ್ಟೆ ಅಂತ ಕೆದಕುವುದು. ಪರೀಕ್ಷಾ ಪೈಲಟ್‌ಗಳಿಗೆ ಸೋಲು ಅಂದರೆ ಆಗಿಬರುವುದಿಲ್ಲ. ಪೈಪೋಟಿಗೆ ಬಿದ್ದು ಕಲಿತರು.

ಮಗಳು: ಜಾಣ ಮೇಷ್ಟ್ರು.

ದೊಡ್ಡಪ್ಪ: ಇನ್ನೊಂದು ಕೇಳು. ಮುಂದಿನ ಪ್ರವಾಸಗಳಲ್ಲಿ ಗುಡ್ಡದ ಮರೆಯಲ್ಲಿ ಒಂದು ಡೇರೆ ಹಾಕುತ್ತಿದ್ದರು. ಅದರೊಳಗೆ ಕೂತವರಿಗೆ ಹೊರಗಿನದೇನೂ ಕಾಣದು. ಗುಡ್ಡದ ಮೇಲಿರುವವನು ವಾಕಿಟಾಕಿಯಲ್ಲಿ ಹೇಳಬೇಕು: ನನ್ನೆದುರು ಇಂಥ ಇಳಿಜಾರು, ಬಂಡೆ ಇಷ್ಟು ದೊಡ್ಡದು, ಮೂಲೆ ಸವೆದಿದೆಯೋ ಚೂಪಾಗಿದೆಯೋ, ಬಣ್ಣ ಎಂಥದು, ಹರಳು ಕಾಣುತ್ತದೋ ಇಲ್ಲವೋ. ಡೇರೆಯಲ್ಲಿದ್ದವರು ಆ ಮಾತಿನಿಂದಲೇ ನಕ್ಷೆ ಬರೆಯಬೇಕು. ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂರುವ ಭೂವಿಜ್ಞಾನಿಗಳ ತಂಡಕ್ಕೆ ಮುಂದೆ ಇದೇ ಗತಿ ತಾನೆ. ಟಿ.ವಿ. ಕ್ಯಾಮೆರಾ ಇದ್ದರೂ ಅದರಲ್ಲಿ ಎಷ್ಟು ಕಂಡೀತು?

ಮಗಳು: ಇದು ನನಗೆ ಹೊಳೆದೇ ಇರಲಿಲ್ಲ. ನೋಡುವುದಲ್ಲದೆ ನೋಡಿದ್ದನ್ನು ಹೇಳುವುದಕ್ಕೂ ತರಬೇತಿ.

ದೊಡ್ಡಪ್ಪ: ಕ್ಷೇತ್ರಕ್ಕೆ ಹೋದ ಮೊದಮೊದಲು ನಾವೆಲ್ಲ ಪುಸ್ತಕದಲ್ಲಿ ಓದಿದ ಹೆಸರನ್ನೇ ಬರೆದುಬಿಡುತ್ತಿದ್ದೆವು. ಗ್ರಾನೈಟ್ ಅಂತ ಬರೆದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸಿಬಿಡುತ್ತದೆ. ಬಿಳಿ ಹರಳು, ಕಪ್ಪು ಹರಳು, ಇಂಥ ಗಾತ್ರ, ಇಂಥ ಜೋಡಣೆ ಅಂತ ಬರೆದರೆ ಮಾತ್ರ ನೋಡಿದ ಹಾಗೆ.

ಮಗಳು: ಚಂದ್ರನ ಮೇಲಿನ ಗುಂಡಿಗಳನ್ನೂ ಭೂಮಿಯಲ್ಲೇ ಮಾಡಿದ್ದರಂತೆ?

ದೊಡ್ಡಪ್ಪ: ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಹತ್ತಿರ. ಅಲ್ಲಿ ಜ್ವಾಲಾಮುಖಿಯ ಕರಿಬೂದಿ ಹಾಸಿದ ಬಯಲಿದೆ. 1967ರಲ್ಲಿ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯವರು ಡೈನಮೈಟು, ಅಮೋನಿಯಂ ನೈಟ್ರೇಟ್ ಗೊಬ್ಬರ ಹೂತು ಸಿಡಿಸಿ ಗುಂಡಿ ಮಾಡಿದರು. ಮನಬಂದಂತೆ ಅಲ್ಲ. ಚಂದ್ರನ ಸುತ್ತ ಸುತ್ತಿದ ನೌಕೆ ಕಳಿಸಿದ ಚಿತ್ರ ಮುಂದಿಟ್ಟುಕೊಂಡು, ಅದರಲ್ಲಿರುವ ಗುಂಡಿಗಳನ್ನು ಅದೇ ಜಾಗ, ಅದೇ ಗಾತ್ರದಲ್ಲಿ.

ಮಗಳು: ನಮ್ಮವರೂ ಮಾಡಿದ್ದಾರೆ ಗೊತ್ತಾ? ನಿಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ, ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ. ಇಸ್ರೋದವರು ಕೃತಕ ಗುಂಡಿ ತೋಡಿ, ಅವುಗಳ ಮೇಲೆ ಚಂದ್ರಯಾನದ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಿದರು. ಅಷ್ಟೇ ಅಲ್ಲ, ಚಂದ್ರನ ಮಣ್ಣಿನಂಥ ಮಣ್ಣು ಬೇಕು ಅಂತ ತಮಿಳುನಾಡಿನ ನಾಮಕ್ಕಲ್ ಹತ್ತಿರದ ಸಿತ್ತಂಪೂಂಡಿಯಿಂದ ಕಲ್ಲು ತಂದು ಪುಡಿ ಮಾಡಿಸಿದರು.

ದೊಡ್ಡಪ್ಪ: ಆ ಕಲ್ಲಿನ ಹೆಸರು ಹೇಳು.

ಮಗಳು: ಅನಾರ್ಥೊಸೈಟ್.

ದೊಡ್ಡಪ್ಪ: ಸಿಕ್ಕಿಬಿದ್ದೆ. ನಾನು ಹೇಳಹೊರಟ ಕತೆಯ ನಾಯಕ ಅದೇ ಕಲ್ಲು.

ಮಗಳು: ಸರಿ, ಇನ್ನು ಬಾಯಿ ಹಾಕುವುದಿಲ್ಲ. ಹೇಳಿ.

ದೊಡ್ಡಪ್ಪ: ಆರ್ಮ್‌ಸ್ಟ್ರಾಂಗ್ ಹೊರಡುವ ಮುಂಚೆ ಕೊನೆಯ ಗಳಿಗೆಯಲ್ಲಿ, ಪೆಟ್ಟಿಗೆಯಲ್ಲಿ ಜಾಗ ಖಾಲಿ ಇದೆ ಅಂತ ಒಂದಷ್ಟು ಮಣ್ಣನ್ನು ಸಲಿಕೆಯಲ್ಲಿ ಬಾಚಿ ತುಂಬಿಸಿದ. ಆ ಜಾಗವೆಲ್ಲ ಕಪ್ಪು ಬಸಾಲ್ಟ್. ಆದರೆ ತಂದ ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚೂರು. ಜಾನ್ ವುಡ್ ಮೊದಲಾದವರು ಆ ಚೂರು ನೋಡಿ ದೊಡ್ಡ ಮಾತೇ ಹೇಳಿದರು. ಇವು ದೂರದ ಬಿಳಿ ಬೆಟ್ಟಗಳಿಂದ ಸಿಡಿದು ಬಂದ ಅನಾರ್ಥೊಸೈಟ್. ಚಂದ್ರ ಹುಟ್ಟಿದ ಹೊಸತರಲ್ಲಿ ಅದರ ಮೈಯೆಲ್ಲ ಕರಗಿದ ಶಿಲೆಯ ಕಡಲಾಗಿತ್ತು. ಹಗುರವಾದ ಬಿಳಿ ಹರಳು ಮೇಲೆ ತೇಲಿ, ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಮೊದಲ ತೊಗಟೆ ಕಟ್ಟಿತು. 1970ರ ಜನವರಿಯಲ್ಲಿ ಹ್ಯೂಸ್ಟನ್‌ನ ಸಭೆಯಲ್ಲಿ ಇದನ್ನು ಮಂಡಿಸಿದರು. ಅಕ್ಕಿಕಾಳಿನಷ್ಟೂ ಇಲ್ಲದ ಚೂರುಗಳಿಂದ ಇಡೀ ಚಂದ್ರನ ಜಾತಕ! ಕೆಲವರು ನಕ್ಕಿರಲೂ ಸಾಕು. ಹಾಗಾಗಿ ದೊಡ್ಡ ತುಂಡೇ ಬೇಕಿತ್ತು.

ಮಗಳು: ಅದಕ್ಕೆ ಅಪೊಲೊ-15.

ದೊಡ್ಡಪ್ಪ: ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್. ಮೇಲೆ ಕಕ್ಷೆಯಲ್ಲಿ ಆಲ್ಫ್ರೆಡ್ ವರ್ಡನ್. ಇಪ್ಪತ್ತು ತಿಂಗಳಷ್ಟು ಕಾಲ ಬಹುಮಟ್ಟಿಗೆ ತಿಂಗಳಿಗೊಂದು ಸಲ ಬೆಟ್ಟ ಸುತ್ತಿದರು. ಇಳಿಯುವ ಜಾಗದ ಪಕ್ಕ ಹ್ಯಾಡ್ಲಿ ರಿಲ್ ಅನ್ನುವ ಕಂದರ ಇತ್ತು, ಅದಕ್ಕಾಗಿ ನ್ಯೂ ಮೆಕ್ಸಿಕೊದ ರಿಯೊ ಗ್ರಾಂಡ್ ಕಮರಿಯ ಅಂಚಿನಲ್ಲಿ ಅಭ್ಯಾಸ. ಅನಾರ್ಥೊಸೈಟ್ ಕೈಯಲ್ಲಿ ಹಿಡಿದು ನೋಡಲು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಗೇಬ್ರಿಯಲ್ ಬೆಟ್ಟ. ಚಂದ್ರನ ಮೇಲೆ ಓಡಿಸಬೇಕಿದ್ದ ಬಂಡಿಯ ಅಭ್ಯಾಸದ ಮಾದರಿಯನ್ನು ಫ್ಲ್ಯಾಗ್‌ಸ್ಟಾಫ್‌ನ ಭೂಸರ್ವೇಕ್ಷಣೆಯವರು ಎರಡು ಸಾವಿರ ಡಾಲರ್ ಒಳಗೇ ಕಟ್ಟಿಕೊಟ್ಟರು. ಗ್ರೋವರ್ ಅಂತ ಅದರ ಹೆಸರು. ಅಸಲಿ ಬಂಡಿಗಳ ಯೋಜನೆಗೆ ಕೋಟಿಗಟ್ಟಲೆ ಡಾಲರ್ ಸುರಿದಿದ್ದರು. ಈ ಲೆಕ್ಕ ನಮ್ಮ ಇಲಾಖೆಯವರಿಗೆ ಬಹಳ ಹಿಡಿಸುತ್ತಿತ್ತು.

ಮಗಳು: ಇಳಿದದ್ದು 1971ರ ಜುಲೈ 30.

ದೊಡ್ಡಪ್ಪ: ಇಳಿದ ಕೂಡಲೇ ಸ್ಕಾಟ್ ಏನು ಮಾಡಿದ ಗೊತ್ತಾ? ಏಣಿ ಇಳಿಯಲಿಲ್ಲ. ನೌಕೆಯ ನೆತ್ತಿಯ ಬಾಗಿಲು ತೆಗೆದು, ಎದೆಮಟ್ಟ ಹೊರಬಂದು, ಅರ್ಧ ಗಂಟೆ ಸುತ್ತ ನೋಡುತ್ತ ಫೋಟೊ ತೆಗೆದು, ಕಂಡದ್ದನ್ನೆಲ್ಲ ಹ್ಯೂಸ್ಟನ್‌ಗೆ ಹೇಳಿದ. ಹೊಸ ಊರಿಗೆ ಹೋದರೆ ನಾವು ಮೊದಲು ಎತ್ತರದ ದಿಣ್ಣೆ ಹತ್ತಿ ನೋಡುತ್ತೇವೆ. ಅವನಿಗೂ ಅದೇ ಅಭ್ಯಾಸವಾಗಿತ್ತು. ಈ ಕಸುಬಿನವರು ಅದನ್ನು ಓದಿದರೆ, ಇವನು ನಮ್ಮವನು ಅಂದುಕೊಳ್ಳುತ್ತಾರೆ.

ಮಗಳು: ಬಿಳಿ ಕಲ್ಲು?

ದೊಡ್ಡಪ್ಪ: ಎರಡನೇ ದಿನದ ನಡಿಗೆ, ಆಗಸ್ಟ್ 1. ಬೆಟ್ಟದ ತಪ್ಪಲಿನಲ್ಲಿ ಸ್ಪರ್ ಅನ್ನುವ ಗುಂಡಿಯ ಅಂಚು. ಅಲ್ಲಿಗೆ ಬಂದಾಗ ನೆಲ ಇರ್ವಿನ್‌ಗೆ ಹಸಿರಾಗಿ ಕಂಡಿತು. ಚಂದ್ರನಲ್ಲಿ ಹಸಿರೇ? ಚಿನ್ನದ ಲೇಪದ ಮುಖಗಾಜಿನಿಂದಾಗಿ ಹಾಗೆ ಕಾಣುತ್ತಿರಬಹುದು ಅಂತ ಸ್ಕಾಟ್ ಗಾಜು ಎತ್ತಿ ನೋಡಿದ. ಅನುಮಾನ ಬಂದಾಗ ಉಪಕರಣವನ್ನು ಬದಿಗಿಟ್ಟು ಮತ್ತೆ ನೋಡುವುದು, ಇದೂ ಕಲಿತದ್ದೇ. ಆ ಮಣ್ಣನ್ನೂ ತುಂಬಿಕೊಂಡರು. ಆಮೇಲೆ ಕಂಡದ್ದು ಧೂಳು ಮೆತ್ತಿದ ಒಂದು ಹೆಂಟೆಯ ಮೇಲೆ ಕೂತಿದ್ದ ಪುಟ್ಟ ಕಲ್ಲು. ಒಂದು ಮೂಲೆ ಮಾತ್ರ ಬಿಳಿ.

ಮಗಳು: ತಕ್ಷಣ ಎತ್ತಿಕೊಂಡರಾ?

ದೊಡ್ಡಪ್ಪ: ಎತ್ತಿಕೊಂಡರೆ ಅದು ಬರೀ ಕಲ್ಲು. ಮೊದಲು ಪಕ್ಕದಲ್ಲಿ ಮೂರು ಕಾಲಿನ ಸಣ್ಣ ಸ್ಟ್ಯಾಂಡ್ ಇಡಬೇಕು. ಅದರಲ್ಲಿ ತೂಗಾಡುವ ಕಡ್ಡಿ ನೇರ ಯಾವುದು ಅಂತ ತೋರಿಸುತ್ತದೆ, ಅದರ ನೆರಳು ಸೂರ್ಯನ ದಿಕ್ಕು ಹೇಳುತ್ತದೆ, ಮೇಲೆ ಬಳಿದ ಬಣ್ಣದ ಪಟ್ಟಿಯಿಂದ ಫೋಟೊದ ಬಣ್ಣ ಸರಿಪಡಿಸಬಹುದು. ಎದೆಗೆ ಕಟ್ಟಿದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದಲ್ಲಿ ಗೊತ್ತಾದ ಕೋನಗಳಿಂದ ಚಿತ್ರ. ಎತ್ತಿದ ಮೇಲೆ ಖಾಲಿ ಜಾಗದ್ದೂ ಇನ್ನೊಂದು ಚಿತ್ರ. ಆಗ ಮಾತ್ರ ಆ ಕಲ್ಲು ಯಾವ ಮಗ್ಗುಲಲ್ಲಿ ಎಷ್ಟು ಹೂತಿತ್ತು ಅಂತ ಪ್ರಯೋಗಶಾಲೆಯಲ್ಲಿ ಗೊತ್ತಾಗುವುದು. ಸೂಟಿನೊಳಗೆ ಗಾಳಿ ತುಂಬಿ ಬಿಗಿದಿರುತ್ತದೆ, ಬಗ್ಗಲು ಆಗದು, ಉದ್ದ ಹಿಡಿಕೆಯ ಇಕ್ಕಳದಲ್ಲೇ ಎತ್ತಬೇಕು. ಕೈಗವಸಿನ ಬಿಗಿತಕ್ಕೆ ಬೆರಳ ತುದಿ ನುಗ್ಗಾಗಿ, ಸ್ಕಾಟ್‌ನ ಉಗುರಿನ ಕೆಳಗೆ ರಕ್ತ ಕಟ್ಟಿತ್ತು. ಹಾಗೆ ಎತ್ತಿ, ಮುಖದ ಹತ್ತಿರ ತಂದು, ಧೂಳು ಒರೆಸಿದರು. ಬಿಸಿಲಿಗೆ ಹರಳು ಮಿಂಚಿತು. ಅದರ ಮೈಯಲ್ಲಿ ಒಂದರ ಪಕ್ಕ ಒಂದು ಸಮಾನಾಂತರ ಗೆರೆ. ಪ್ಲೇಜಿಯೋಕ್ಲೇಸ್ ಅನ್ನುವ ಖನಿಜದ ಅವಳಿ ಹರಳುಗಳ ಗುರುತು ಅದು. ಸ್ಯಾನ್ ಗೇಬ್ರಿಯಲ್ ಬೆಟ್ಟದಲ್ಲಿ ನೋಡಿದ್ದೇ. ಹುಡುಕಿಕೊಂಡು ಬಂದದ್ದು ಸಿಕ್ಕಿತು ಅಂತ ಅಲ್ಲಿಂದಲೇ ಹೇಳಿ, 196ನೇ ನಂಬರಿನ ಚೀಲಕ್ಕೆ ಹಾಕಿದರು.

ಮಗಳು: ನೋಡಿದ ಕೂಡಲೇ ಗುರುತು ಹಿಡಿದರು!

ದೊಡ್ಡಪ್ಪ: ತೂಕ 269 ಗ್ರಾಂ. ವಯಸ್ಸು 400 ಕೋಟಿ ವರ್ಷಕ್ಕೂ ಮೇಲೆ. ಪತ್ರಿಕೆಯವರು ಜೆನೆಸಿಸ್ ರಾಕ್ ಅಂತ ಹೆಸರಿಟ್ಟರು, ಅಂದರೆ ಸೃಷ್ಟಿಯ ಕಲ್ಲು. ಪತ್ರಿಕೆಯವರ ಉತ್ಸಾಹ ನಿನಗೆ ಗೊತ್ತೇ ಇದೆ. ಆದರೆ ಚಂದ್ರನ ಮೊದಲ ತೊಗಟೆಯ ವಾದಕ್ಕೆ ಅದು ಒಳ್ಳೆಯ ಸಾಕ್ಷಿಯಾಯಿತು. ಆ ಹಸಿರು ಮಣ್ಣು ಏನಾಯಿತು ಅಂತ ನೀನು ಕೇಳಲಿಲ್ಲ.

ಮಗಳು: ಏನಾಯಿತು?

ದೊಡ್ಡಪ್ಪ: ಅದು ಜ್ವಾಲಾಮುಖಿಯಿಂದ ಚಿಮ್ಮಿ, ಹಾರುತ್ತಲೇ ಹೆಪ್ಪುಗಟ್ಟಿದ ಗಾಜಿನ ಹನಿಗಳು. ಮರಳಿನಷ್ಟು ಸಣ್ಣವು. 2008ರಲ್ಲಿ, ಅಂದರೆ 37 ವರ್ಷ ಆದ ಮೇಲೆ, ಅಮೆರಿಕದ ವಿಜ್ಞಾನಿಗಳು ಹೊಸ ಉಪಕರಣದಲ್ಲಿ ಈ ಹಸಿರು ಗಾಜನ್ನೂ ಅಪೊಲೊ-17ರ ಕಿತ್ತಳೆ ಗಾಜನ್ನೂ ಪರೀಕ್ಷಿಸಿದಾಗ ಒಳಗೆ ನೀರಿನ ಅಂಶ ಸಿಕ್ಕಿತು. ಚಂದ್ರ ಪೂರ್ತಿ ಒಣಗಿದ ಗುಂಡು ಅಂತ ಅಲ್ಲಿಯವರೆಗೆ ಬರೆದಿದ್ದ ಪುಸ್ತಕಗಳನ್ನು ತಿದ್ದಬೇಕಾಯಿತು.

ಮಗಳು: ಅಪೊಲೊ-16ರ ಕತೆ ಹೇಳುತ್ತೇನೆ ಅಂದಿರಿ.

ದೊಡ್ಡಪ್ಪ: ಅದು ಮೇಷ್ಟ್ರುಗಳೇ ನಗೆಪಾಟಲಾದ ಕತೆ. ಡೆಸ್ಕಾರ್ಟಿಸ್ ಅನ್ನುವ ಎತ್ತರದ ಸೀಮೆ. ಕಕ್ಷೆಯಿಂದ ತೆಗೆದ ಚಿತ್ರ ನೋಡಿ, ಅಲ್ಲಿನ ಗುಡ್ಡ ಬಯಲುಗಳು ಜ್ವಾಲಾಮುಖಿಯಿಂದ ಆದವು ಅಂತ ಭೂವಿಜ್ಞಾನಿಗಳು ನಕ್ಷೆ ಬರೆದಿದ್ದರು. ಅದನ್ನು ನಂಬಿಯೇ 1972ರ ಏಪ್ರಿಲಿನಲ್ಲಿ ಯಂಗ್, ಡ್ಯೂಕ್ ಇಳಿದದ್ದು. ನೋಡುತ್ತಾರೆ, ಎಲ್ಲಿ ನೋಡಿದರೂ ಬ್ರೆಕ್ಷಿಯಾ. ಉಲ್ಕೆ ಬಡಿದು ಪುಡಿಯಾದ ಚೂರುಗಳೇ ಮತ್ತೆ ಬೆಸೆದು ಆದ ಕಲ್ಲು. ಲಾವಾ ಕಲ್ಲಿನ ಸುಳಿವೇ ಇಲ್ಲ.

ಮಗಳು: ಅವರು ಏನು ಮಾಡಿದರು?

ದೊಡ್ಡಪ್ಪ: ಕಂಡದ್ದನ್ನೇ ಹೇಳಿದರು. ದೊಡ್ಡ ದೊಡ್ಡ ಪಿಎಚ್.ಡಿ.ಗಳು ಜ್ವಾಲಾಮುಖಿ ಅಂದಿದ್ದಾರೆ, ಹಾಗೇ ಹೇಳಿಬಿಡೋಣ ಅನ್ನಲಿಲ್ಲ. ಇಬ್ಬರು ಪೈಲಟ್‌ಗಳು ಚಂದ್ರನ ಮೇಲೆ ನಿಂತು ಭೂಮಿಯ ಪಂಡಿತರ ನಕ್ಷೆಯನ್ನು ಅಳಿಸಿದರು. ಒರೊಕೋಪಿಯಾದ ಆ ಒಂದು ವಾರ ವಸೂಲಾಯಿತು. ಜೆನೆಸಿಸ್ ರಾಕ್‌ಗಿಂತ ಇದನ್ನೇ ನಾನು ದೊಡ್ಡದು ಅಂತೀನಿ. ಬೇಕಾದ್ದು ಸಿಕ್ಕಾಗ ಗುರುತಿಸುವುದು ಸುಲಭ. ಬೇಡದ್ದು ಸಿಕ್ಕಾಗ ಹೇಳುವುದು ಕಷ್ಟ.

ಮಗಳು: ಈಗ ನನ್ನ ಸರದಿ. ನೀವು ಹೇಳಿದ್ದೆಲ್ಲ ಐವತ್ತು ವರ್ಷದ ಹಿಂದಿನದು. ಈಗ ರೋಬೋಟ್‌ಗಳಿವೆ. ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23. ದಕ್ಷಿಣ ಧ್ರುವದ ಕಡೆಗೆ, 69 ಡಿಗ್ರಿ ಅಕ್ಷಾಂಶದ ಹತ್ತಿರ. ಪ್ರಜ್ಞಾನ್ ಬಂಡಿ ಅಲ್ಲಿನ ಮಣ್ಣನ್ನು 23 ಕಡೆ ಅಳೆಯಿತು. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು: ಆ ಮಣ್ಣು ಅನಾರ್ಥೊಸೈಟ್ ಜಾತಿಯದು, ಶಿಲಾಕಡಲಿನ ವಾದಕ್ಕೆ ಹೊಂದುತ್ತದೆ. ನಿಮ್ಮ ಕತೆಯ ಮುಂದಿನ ಅಧ್ಯಾಯ ಬರೆದದ್ದು ಮನುಷ್ಯನೇ ಇಲ್ಲದ ಬಂಡಿ!

ದೊಡ್ಡಪ್ಪ: ಬಹಳ ಸಂತೋಷ. ಪ್ರಜ್ಞಾನ್ ಎಷ್ಟು ದೂರ ಹೋಯಿತು?

ಮಗಳು: ನೂರು ಮೀಟರ್ ಚಿಲ್ಲರೆ. ಹತ್ತು ಹನ್ನೆರಡು ದಿನದಲ್ಲಿ.

ದೊಡ್ಡಪ್ಪ: ಅಪೊಲೊ-17ರವರು ಮೂರು ದಿನದಲ್ಲಿ 35 ಕಿಲೊಮೀಟರ್ ಬಂಡಿ ಓಡಿಸಿದರು. 110 ಕಿಲೊ ತಂದರು.

ಮಗಳು: ಖರ್ಚು ಎಷ್ಟು? ಅದನ್ನೂ ಹೇಳಿ. ಒಬ್ಬ ಮನುಷ್ಯನನ್ನು ಕಳಿಸುವುದೆಂದರೆ ಗಾಳಿ, ನೀರು, ಊಟ, ವಾಪಸು ಬರುವ ಇಂಧನ, ಎಲ್ಲಕ್ಕಿಂತ ಹೆಚ್ಚಾಗಿ ಜೀವ. ಬರೀ ಅಳೆಯುವುದಲ್ಲ, ತರುವುದನ್ನೂ ರೋಬೋಟ್ ಮಾಡುತ್ತದೆ. ಚೀನಾದ ಚಾಂಗ್‌ಇ-5 2020ರಲ್ಲಿ 1.73 ಕಿಲೊ ತಂದಿತು. ಅದರ ಬಸಾಲ್ಟ್ 200 ಕೋಟಿ ವರ್ಷದ್ದು, ಅಪೊಲೊ ತಂದ ಯಾವ ಬಸಾಲ್ಟಿಗಿಂತಲೂ ಕಿರಿಯದು. ಅಷ್ಟು ತಡವಾಗಿಯೂ ಚಂದ್ರನಲ್ಲಿ ಲಾವಾ ಹರಿಯುತ್ತಿತ್ತು ಅಂತ ಗೊತ್ತಾದದ್ದು ಹಾಗೆ. 2024ರಲ್ಲಿ ಚಾಂಗ್‌ಇ-6 ಚಂದ್ರನ ಆಚೆ ಬದಿಯಿಂದಲೇ ತಂದಿತು. ಆ ಬದಿಯಲ್ಲಿ ಯಾವ ಮನುಷ್ಯನೂ ಕಾಲಿಟ್ಟಿಲ್ಲ.

ದೊಡ್ಡಪ್ಪ: ಒಪ್ಪಿದೆ. ಖರ್ಚಿನ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ, ಜೀವದ ಲೆಕ್ಕಕ್ಕಂತೂ ಇಲ್ಲವೇ ಇಲ್ಲ. ಯಾವ ಜಾಗ ಅಂತ ಮೊದಲೇ ಗೊತ್ತಿದ್ದು, ಅಲ್ಲಿಂದ ಒಂದು ಹಿಡಿ ಸಾಕು ಅನ್ನುವುದಾದರೆ ಯಂತ್ರವೇ ಹೋಗಲಿ. ನಾನು ಹೇಳುವುದು ಗೊತ್ತಿಲ್ಲದ ಕಡೆಯ ಮಾತು. ಶ್ಮಿಟ್ ಶಾರ್ಟಿ ಅನ್ನುವ ಗುಂಡಿಯ ಪಕ್ಕ ನಡೆಯುವಾಗ ಕಾಲು ತಾಗಿ ಮೇಲಿನ ಬೂದು ಮಣ್ಣು ಸರಿಯಿತು. ಅಡಿಯಲ್ಲಿ ಕಿತ್ತಳೆ. ಅಲ್ಲಿ ನಿಲ್ಲಲು ಅರ್ಧ ಗಂಟೆಯೂ ಸರಿಯಾಗಿ ಇರಲಿಲ್ಲ, ಆಮ್ಲಜನಕದ ಲೆಕ್ಕದ ಮೇಲೆ ವಾಪಸು ಹೋಗಬೇಕು. ಅಷ್ಟರಲ್ಲೇ ಅಡ್ಡಲಾಗಿ ಕಾಲುವೆ ತೋಡಿ, ಕಿತ್ತಳೆ ಮಣ್ಣು ಬೇರೆ, ಅದರ ಎರಡೂ ಬದಿಯ ಬೂದು ಮಣ್ಣು ಬೇರೆ ತುಂಬಿ, ಕೊಳವೆ ಬಡಿದು ಆಳದ ಮಣ್ಣನ್ನೂ ತೆಗೆದರು. ಇದು ಇತ್ತೀಚೆಗೆ ಉಸಿರಾಡಿದ ಜ್ವಾಲಾಮುಖಿ ಇರಬೇಕು ಅಂತ ಆಗ ಅನಿಸಿದ್ದು ಸುಳ್ಳಾಯಿತು. ಅದು 350 ಕೋಟಿ ವರ್ಷಕ್ಕೂ ಹಳೆಯ ಗಾಜು. ಆದರೂ ತೆಗೆದ ಕ್ರಮ ಸರಿಯಾಗಿತ್ತು. ಹಾಗಾಗಿ ಇವತ್ತಿಗೂ ಅದರಿಂದ ಹೊಸದು ಸಿಗುತ್ತಿದೆ.

ಮಗಳು: ಮೇಲೆ ಕಕ್ಷೆಯಲ್ಲಿ ಒಬ್ಬನೇ ಸುತ್ತುತ್ತಿದ್ದವನ ಪಾಡೇನು? ಅವನಿಗೆ ಕಲ್ಲೂ ಇಲ್ಲ, ಮಣ್ಣೂ ಇಲ್ಲ.

ದೊಡ್ಡಪ್ಪ: ಅವರಿಗೂ ಒಬ್ಬ ಮೇಷ್ಟ್ರು ಇದ್ದರು, ಈಜಿಪ್ಟಿನ ಫಾರೂಕ್ ಎಲ್-ಬಾಜ್. ವಿಮಾನದಲ್ಲಿ ಹಾರುವಾಗ ಕೆಳಗಿನ ನೆಲ ನೋಡಿ ಓದಲು ಅಭ್ಯಾಸ ಮಾಡಿಸಿದರು. ವರ್ಡನ್ ಮೇಲಿಂದ ಲಿಟ್ರೋ ಸೀಮೆಯಲ್ಲಿ ಕಪ್ಪು ದಿಬ್ಬ ನೋಡಿ ಹೇಳಿದ್ದು, ಅಪೊಲೊ-17ಕ್ಕೆ ಜಾಗ ಆರಿಸುವಾಗ ಲೆಕ್ಕಕ್ಕೆ ಬಂತು.

ಮಗಳು: ಈಗಿನ ಮಾತಿಗೆ ಬಂದರೆ, ನಮ್ಮ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದದ್ದು 2025ರ ಜೂನಿನಲ್ಲಿ. ಅವರೂ ವಾಯುಪಡೆಯ ಪರೀಕ್ಷಾ ಪೈಲಟ್, ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದವರು. ಅಲ್ಲಿ ಅವರು ಮಾಡಿದ ಒಂದು ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿಯವರದು. ಹೆಸರುಕಾಳು, ಮೆಂತ್ಯ ಮೊಳಕೆ ಬರಿಸುವುದು.

ದೊಡ್ಡಪ್ಪ: ನೋಡು, ಅಲ್ಲೂ ಪೈಲಟ್ ಕೃಷಿ ಕಲಿಯಬೇಕಾಯಿತು. ನೆಲದ ಮೇಲಿನ ಮೇಷ್ಟ್ರುಗಳ ಕೈ, ಕಣ್ಣು ಆಗುವುದೇ ಗಗನಯಾತ್ರಿಯ ಕೆಲಸ. ಅಪೊಲೊ ಆದ ಮೇಲೆ ಇದನ್ನು ಯಾರೂ ಮರೆತಿಲ್ಲ. ಆರ್ಟೆಮಿಸ್-2ರ ತಂಡದ ಕೆಲಸ ಚಂದ್ರನನ್ನು ಸುತ್ತಿ ಬರುವುದಷ್ಟೇ, ಇಳಿಯುವುದಲ್ಲ. ಆದರೂ 2024ರಲ್ಲಿ ಅವರನ್ನು ಐಸ್‌ಲ್ಯಾಂಡಿಗೆ ಕರೆದುಕೊಂಡು ಹೋಗಿ ಲಾವಾ ನೆಲದ ಮೇಲೆ ನಡೆಸಿದರು.

ಮಗಳು: 2040ರ ಹೊತ್ತಿಗೆ ಭಾರತೀಯರು ಚಂದ್ರನ ಮೇಲೆ ಇಳಿಯಬೇಕು ಅಂತ ನಮ್ಮ ಸರ್ಕಾರ ಗುರಿ ಇಟ್ಟುಕೊಂಡಿದೆ. ಅವರನ್ನು ನೀವಾಗಿದ್ದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಿರಿ?

ದೊಡ್ಡಪ್ಪ: ಮೊದಲು ಮಹಾರಾಷ್ಟ್ರದ ಲೋನಾರ್. ಬಸಾಲ್ಟಿನ ಮೇಲೆ ಉಲ್ಕೆ ಬಡಿದು ಆದ ಗುಂಡಿ, ಹತ್ತಿರ ಹತ್ತಿರ ಎರಡು ಕಿಲೊಮೀಟರ್ ಅಗಲ. ಭೂಮಿಯಲ್ಲಿ ಅಂಥವು ಅಪರೂಪ. ಚಂದ್ರನ ಕಪ್ಪು ಬಯಲಿನ ಗುಂಡಿಗಳನ್ನು ಓದಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ದೇಶದಲ್ಲಿಲ್ಲ. ಆಮೇಲೆ ನೀನು ಹೇಳಿದ ಸಿತ್ತಂಪೂಂಡಿ, ಅನಾರ್ಥೊಸೈಟ್ ಬಿಸಿಲಲ್ಲಿ ಹೇಗೆ ಮಿಂಚುತ್ತದೆ ಅಂತ ಕಣ್ಣಿಗೆ ರೂಢಿಯಾಗಲಿ. ಕೊನೆಗೆ ನಮ್ಮ ಮರಡಿಹಳ್ಳಿ.

ಮಗಳು: ಮರಡಿಹಳ್ಳಿಯಲ್ಲಿ ಏನಿದೆ?

ದೊಡ್ಡಪ್ಪ: ಚಿತ್ರದುರ್ಗದಿಂದ ಸ್ವಲ್ಪವೇ ದೂರ. ದಿಂಬು ಜೋಡಿಸಿಟ್ಟಂತೆ ಕಾಣುವ ಲಾವಾ ಬಂಡೆ, 250 ಕೋಟಿ ವರ್ಷದ ಹಿಂದಿನದು. ಲಾವಾ ನೀರಿನಡಿ ಉಕ್ಕಿದರೆ ಮಾತ್ರ ಆ ಆಕಾರ ಬರುತ್ತದೆ. ಈಗ ಅಲ್ಲಿ ಕುಡಿಯುವ ನೀರಿಗೇ ಪರದಾಟ, ಆಗ ಸಮುದ್ರವಿತ್ತು. ಚಂದ್ರನಲ್ಲಿ ಲಾವಾ ಬೇಕಾದಷ್ಟಿದೆ, ಆ ಆಕಾರ ಮಾತ್ರ ಇಲ್ಲ. ಯಾಕಿಲ್ಲ ಅಂತ ತಾವೇ ಹೇಳುವ ತನಕ ನಾನು ಅವರನ್ನು ಅಲ್ಲಿಂದ ಬಿಡುತ್ತಿರಲಿಲ್ಲ.

ಮಗಳು: ನನಗೆ ಬೇಸಿಗೆ ರಜೆ ಬರುತ್ತಿದೆ.

ದೊಡ್ಡಪ್ಪ: ಬಾ. ನಸುಕಿನಲ್ಲೇ ಹೊರಡಬೇಕು, ಹತ್ತು ಗಂಟೆಯ ಮೇಲೆ ಬಂಡೆ ಮುಟ್ಟಲು ಆಗುವುದಿಲ್ಲ.

ಮಗಳು: ನಿಮ್ಮ ಹಳೆಯ ಸುತ್ತಿಗೆ ತಗೊಳ್ಳೋಣವಾ?

ದೊಡ್ಡಪ್ಪ: ಬೇಡ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಕಲ್ಲು ಒಡೆಯುವಂತಿಲ್ಲ. ನೋಟ್‌ಬುಕ್ ತಾ.